ಗ್ರಾಂ ಲೆಕ್ಕ ಯಾರ ಕೈಯಲ್ಲಿ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಬೂಕರ್ ಎಂಬಾತನ ಚೀಲದಲ್ಲಿ 92.5 ಗ್ರಾಂ ಕ್ರ್ಯಾಕ್ ಕೊಕೇನ್ ಸಿಕ್ಕಿತು. ಕನಿಷ್ಠ 50 ಗ್ರಾಂ ಇಟ್ಟುಕೊಂಡಿದ್ದು ಸಂಶಯಾತೀತವಾಗಿ ಸಾಬೀತಾಗಿದೆ ಎಂದು ಜ್ಯೂರಿ ಹೇಳಿತು. ಜ್ಯೂರಿ ಒಪ್ಪಿದ ಅಂಶಗಳ ಮೇಲೆ ಫೆಡರಲ್ ಶಿಕ್ಷಾ ಮಾರ್ಗಸೂಚಿಯ ಗರಿಷ್ಠ ಶಿಕ್ಷೆ 21 ವರ್ಷ 10 ತಿಂಗಳು. ಆದರೆ ಜ್ಯೂರಿಯವರು ಮನೆಗೆ ಹೋದ ಮೇಲೆ, ಶಿಕ್ಷೆ ಪ್ರಕಟಿಸುವ ದಿನ ನ್ಯಾಯಾಧೀಶರು ಇನ್ನೂ 566 ಗ್ರಾಂ ಸೇರಿಸಿದರು. ನ್ಯಾಯಕ್ಕೆ ಅಡ್ಡಿಪಡಿಸಿದ ಎಂಬುದನ್ನೂ ಸೇರಿಸಿದರು. ಶಿಕ್ಷೆ 30 ವರ್ಷವಾಯಿತು.

ಇದು ಆ ನ್ಯಾಯಾಧೀಶರೊಬ್ಬರ ದುಡುಕಲ್ಲ, ಕಾನೂನೇ ಹಾಗಿತ್ತು. 1986ರ ಜೂನ್‌ನಲ್ಲಿ ಲೆನ್ ಬಯಸ್ ಎಂಬ ಯುವ ಬ್ಯಾಸ್ಕೆಟ್‌ಬಾಲ್ ಆಟಗಾರ ಕೊಕೇನ್ ಸೇವಿಸಿ ಸತ್ತಾಗ ದೇಶವೇ ಬೆಚ್ಚಿತು. ಕೆಲವೇ ತಿಂಗಳಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಹೊಸ ಮಾದಕವಸ್ತು ಕಾಯ್ದೆ ತಂದಿತು. 5 ಗ್ರಾಂ ಕ್ರ್ಯಾಕ್ ಮಾರಾಟಕ್ಕೆ ಇಟ್ಟುಕೊಂಡರೆ ಕನಿಷ್ಠ 5 ವರ್ಷ, 50 ಗ್ರಾಂ ಆದರೆ ಕನಿಷ್ಠ 10 ವರ್ಷ, ಗರಿಷ್ಠ ಜೀವಾವಧಿ ಎಂದು ಅದು ಹೇಳಿತ್ತು. ಮರುವರ್ಷ ಬಂದ ಫೆಡರಲ್ ಶಿಕ್ಷಾ ಮಾರ್ಗಸೂಚಿಯಲ್ಲಿ ಗ್ರಾಂ ಏರಿದಷ್ಟೂ ತಿಂಗಳು ಏರುವ ಕೋಷ್ಟಕವೇ ಇತ್ತು. ಗ್ರಾಂ ಎಷ್ಟೆಂದು ತೀರ್ಮಾನಿಸುವ ಕೆಲಸ ಮಾತ್ರ ನ್ಯಾಯಾಧೀಶರದು. ಅದಕ್ಕೆ ಸಂಶಯಾತೀತ ಪುರಾವೆ ಬೇಕಿರಲಿಲ್ಲ. ‘ಇದ್ದಿರುವ ಸಾಧ್ಯತೆಯೇ ಹೆಚ್ಚು’ ಎನಿಸಿದರೆ ಸಾಕಿತ್ತು.

ಈ ವ್ಯವಸ್ಥೆಗೆ ಮೊದಲ ಪೆಟ್ಟು ಬಿದ್ದದ್ದು ಮಾದಕವಸ್ತುವಿಗೆ ಸಂಬಂಧವೇ ಇಲ್ಲದ ಪ್ರಕರಣದಲ್ಲಿ. ನ್ಯೂಜೆರ್ಸಿಯಲ್ಲಿ ಕಪ್ಪು ಕುಟುಂಬವೊಂದರ ಮನೆಯತ್ತ ಗುಂಡು ಹಾರಿಸಿದ ಅಪ್ರೆಂಡಿ ಎಂಬಾತನಿಗೆ ಗರಿಷ್ಠ 10 ವರ್ಷ ಕೊಡಬಹುದಿತ್ತು. ಜನಾಂಗದ್ವೇಷವೇ ಕಾರಣವೆಂದು ನ್ಯಾಯಾಧೀಶರು ತಾವೇ ನಿರ್ಣಯಿಸಿ 12 ವರ್ಷ ಕೊಟ್ಟರು. 2000ದ ಜೂನ್ 26ರಂದು ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಕಾನೂನಿನ ಗರಿಷ್ಠ ಮಿತಿಯನ್ನು ದಾಟಿಸುವ ಯಾವುದೇ ಅಂಶವನ್ನು, ಹಿಂದಿನ ಶಿಕ್ಷೆಯೊಂದನ್ನು ಬಿಟ್ಟು, ಜ್ಯೂರಿಯೇ ಸಂಶಯಾತೀತವಾಗಿ ಒಪ್ಪಬೇಕು ಎಂದಿತು. ಆ ಕೃತ್ಯ ಹೇಯವಾದದ್ದು. ಆದರೂ ಈ ನಿಯಮ ಸರಿ ಎಂದೇ ನಾನು ನಂಬುತ್ತೇನೆ.

ಫೆಡರಲ್ ಕೈದಿಗಳಿಗೆ ಆ ತೀರ್ಪಿನ ಅರ್ಥ ತಕ್ಷಣ ಹೊಳೆಯಿತು. ಪ್ರಮಾಣ ಸಾಬೀತಾಗದ ಕೊಕೇನ್ ಪ್ರಕರಣದಲ್ಲಿ ಸಾಮಾನ್ಯ ಮಿತಿ 20 ವರ್ಷ. ಹಾಗಿದ್ದರೆ ಅದಕ್ಕಿಂತ ಹೆಚ್ಚು ಕೊಟ್ಟದ್ದು ಹೇಗೆ? ಮೇಲ್ಮನವಿಗಳು ಹೊರಟವು. ಬಾಲ್ಟಿಮೋರ್‌ನ ಕಾಟನ್ ಪ್ರಕರಣದ ದೋಷಾರೋಪ ಪಟ್ಟಿಯಲ್ಲಿ ಶಿಕ್ಷೆ ಏರಿಸುವಷ್ಟು ಪ್ರಮಾಣದ ಮಾತೇ ಇರಲಿಲ್ಲ. ಕೊಟ್ಟದ್ದು ಕೆಲವರಿಗೆ 30 ವರ್ಷ, ಉಳಿದವರಿಗೆ ಜೀವಾವಧಿ. 2002ರಲ್ಲಿ ಸುಪ್ರೀಂ ಕೋರ್ಟ್ ತಪ್ಪಾಗಿದೆ ಎಂಬುದನ್ನು ಒಪ್ಪಿಕೊಂಡೇ ಶಿಕ್ಷೆಯನ್ನು ಒಮ್ಮತದಿಂದ ಉಳಿಸಿತು. ವಿಚಾರಣೆಯ ವೇಳೆ ಯಾರೂ ಆಕ್ಷೇಪ ಎತ್ತಿರಲಿಲ್ಲ, ಸಾಕ್ಷ್ಯವೂ ಬಲವಾಗಿತ್ತು ಎಂಬುದು ಕಾರಣ. ಈ ಚರಿತ್ರೆಯಲ್ಲಿ ನನಗೆ ಅತಿ ಕಹಿಯಾಗಿ ಕಾಣುವುದು ಇದೇ. ಆಗಿನ್ನೂ ಘೋಷಣೆಯಾಗದಿದ್ದ ಹಕ್ಕನ್ನು ವಕೀಲರು ಕೇಳಲಿಲ್ಲವೆಂದು ಕೈದಿಗಳು ಬೆಲೆ ತೆತ್ತರು.

2004ರ ಬ್ಲೇಕ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಪ್ರೆಂಡಿ ನಿಯಮವನ್ನು ವಾಷಿಂಗ್ಟನ್ ರಾಜ್ಯದ ಮಾರ್ಗಸೂಚಿಗೂ ಅನ್ವಯಿಸಿತು. ನಾಲ್ಕೇ ದಿನದಲ್ಲಿ ಮೇಯ್ನ್ ರಾಜ್ಯದ ಫೆಡರಲ್ ನ್ಯಾಯಾಧೀಶರೊಬ್ಬರು ಫ್ಯಾನ್‌ಫ್ಯಾನ್ ಎಂಬಾತನಿಗೆ, ತಮ್ಮ ಸ್ವಂತ ಲೆಕ್ಕದ ಹದಿನೈದಕ್ಕೂ ಹೆಚ್ಚು ವರ್ಷ ಬಿಟ್ಟು, ಜ್ಯೂರಿ ಒಪ್ಪಿದಷ್ಟಕ್ಕೆ ಆರೂವರೆ ವರ್ಷ ಕೊಟ್ಟರು. ಸರ್ಕಾರ ಮೇಲ್ಮನವಿಗೆ ಹೋಯಿತು. ಬೂಕರ್ ಪ್ರಕರಣವೂ ಜೊತೆಗೂಡಿತು.

2005ರ ಜನವರಿ 12ರ ತೀರ್ಪು ಎರಡು ಭಾಗವಾಗಿ ಬಂತು. ಕಡ್ಡಾಯ ಮಾರ್ಗಸೂಚಿಯಿಂದ ಸಂವಿಧಾನದ ಆರನೇ ತಿದ್ದುಪಡಿಯ ಜ್ಯೂರಿ ಹಕ್ಕು ಉಲ್ಲಂಘನೆಯಾಗಿದೆ ಎಂದು ನ್ಯಾಯಮೂರ್ತಿ ಸ್ಟೀವನ್ಸ್ ಬರೆದರು. ಪರಿಹಾರ ಬರೆದವರು ನ್ಯಾಯಮೂರ್ತಿ ಬ್ರೇಯರ್: ಗ್ರಾಂಗಳನ್ನು ಜ್ಯೂರಿಗೆ ಒಪ್ಪಿಸುವ ಬದಲು ಮಾರ್ಗಸೂಚಿಯನ್ನೇ ಸಲಹೆಯಾಗಿಸಿದರು. ಎರಡೂ ಬಹುಮತಗಳಲ್ಲಿ ಇದ್ದವರು ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಒಬ್ಬರೇ. ಹಕ್ಕು ಗೆದ್ದಿತು, ಲೆಕ್ಕ ಮಾತ್ರ ನ್ಯಾಯಾಧೀಶರ ಕೈಯಲ್ಲೇ ಉಳಿಯಿತು. ಮರುಶಿಕ್ಷೆಯಲ್ಲಿ ಬೂಕರ್‌ಗೆ ಮತ್ತೆ 30 ವರ್ಷ. ಫ್ಯಾನ್‌ಫ್ಯಾನ್‌ಗೆ ಆರೂವರೆಯ ಜಾಗದಲ್ಲಿ ಹದಿನೇಳೂವರೆ.

2013ರ ಅಲೀನ್ ತೀರ್ಪು ಕಡ್ಡಾಯ ಕನಿಷ್ಠ ಶಿಕ್ಷೆಗೆ ಬೇಕಾದ ಅಂಶಗಳನ್ನೂ ಜ್ಯೂರಿಗೆ ಒಪ್ಪಿಸಿತು. ಅದು ನಿಜವಾದ ಮುನ್ನಡೆ. ಆದರೂ ಜ್ಯೂರಿ ‘ತಪ್ಪಿತಸ್ಥನಲ್ಲ’ ಎಂದ ಆರೋಪವನ್ನೇ ಎಣಿಸಿ ಶಿಕ್ಷೆ ಹೆಚ್ಚಿಸಿದ ಕ್ರ್ಯಾಕ್ ಪ್ರಕರಣವೊಂದನ್ನು 2014ರಲ್ಲಿ ಸುಪ್ರೀಂ ಕೋರ್ಟ್ ಕೈಗೆತ್ತಿಕೊಳ್ಳಲೇ ಇಲ್ಲ. ನ್ಯಾಯಮೂರ್ತಿಗಳಾದ ಸ್ಕಾಲಿಯಾ, ಥಾಮಸ್, ಗಿನ್ಸ್‌ಬರ್ಗ್ ಒಟ್ಟಾಗಿ ಭಿನ್ನಮತ ದಾಖಲಿಸಿದರು. ಸೈದ್ಧಾಂತಿಕವಾಗಿ ಎರಡು ದಿಕ್ಕಿನವರನ್ನು ಒಂದುಗೂಡಿಸಿದ ಅನ್ಯಾಯ ಅದು.

2024ರ ನವೆಂಬರ್ 1ರಿಂದ, ಫೆಡರಲ್ ಜ್ಯೂರಿ ಖುಲಾಸೆ ಮಾಡಿದ ಆರೋಪವನ್ನು ಮಾರ್ಗಸೂಚಿಯ ಲೆಕ್ಕಕ್ಕೆ ಸಾಮಾನ್ಯವಾಗಿ ಸೇರಿಸುವಂತಿಲ್ಲ. ಜ್ಯೂರಿಯ ಮುಂದೆ ಬಾರದೇ ಹೋದ ಗ್ರಾಂಗಳನ್ನು ಮಾತ್ರ, ಕಾನೂನಿನ ಗರಿಷ್ಠ ಮಿತಿಯೊಳಗೆ, ನ್ಯಾಯಾಧೀಶರು ಈಗಲೂ ಸೇರಿಸಬಹುದು.