ಹೊಸ, ಬಳಸಿದ ಅಥವಾ ಪ್ರದರ್ಶನಕ್ಕಿಟ್ಟ ಕಾರು: ಖರೀದಿಗೆ ಮುನ್ನ ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳು

ಕುಟುಂಬದ ಬಳಕೆಗಾಗಿ ಕಾರನ್ನು ಖರೀದಿಸಬಯಸುವ ಸಾರ್ವಜನಿಕರ ಮುಂದೆ ಸಾಮಾನ್ಯವಾಗಿ ಮೂರು ಆಯ್ಕೆಗಳಿರುತ್ತವೆ. ಮೊದಲನೆಯದು ಕಾರ್ಖಾನೆಯಿಂದ ಬಂದ ಹೊಸ ಕಾರು. ಎರಡನೆಯದು ಬೇರೊಬ್ಬರು ಬಳಸಿದ ಕಾರು. ಮೂರನೆಯದು ಮಾರಾಟ ಮಳಿಗೆಯಲ್ಲಿ ಪ್ರದರ್ಶನಕ್ಕಿಟ್ಟ ಅಥವಾ ಗ್ರಾಹಕರಿಗೆ ಓಡಿಸಿ ತೋರಿಸಲು ಬಳಸಿದ, ಜನರು ಡೆಮೊ ಕಾರು ಎಂದು ಕರೆಯುವ ಕಾರು. ಬೆಲೆಯೊಂದನ್ನೇ ಗಮನಿಸಿ ವ್ಯವಹಾರ ಮುಗಿಸಿ, ತದನಂತರ ನೋಂದಣಿ, ವಿಮೆ ಹಾಗೂ ಮಾಲೀಕತ್ವ ವರ್ಗಾವಣೆಯ ಹಂತದಲ್ಲಿ ತೊಂದರೆಗೆ ಒಳಗಾಗುವವರು ಅನೇಕರು. ಖರೀದಿಗೆ ಮುನ್ನ ಪರಿಶೀಲಿಸಬೇಕಾದ ದಾಖಲೆಗಳನ್ನೂ ಖರೀದಿಯ ನಂತರ ಸಲ್ಲಿಸಬೇಕಾದ ಅರ್ಜಿಗಳನ್ನೂ ಈ ಕೆಳಗೆ ವಿವರಿಸಲಾಗಿದೆ.

1. ಕಾನೂನಿನ ದೃಷ್ಟಿಯಲ್ಲಿ ಎರಡೇ ವರ್ಗ

ಮಾರುಕಟ್ಟೆಯಲ್ಲಿ ಮೂರು ಬಗೆಯ ಕಾರುಗಳಿದ್ದರೂ ಮೋಟಾರು ವಾಹನಗಳ ಅಧಿನಿಯಮ, 1988ರ ದೃಷ್ಟಿಯಲ್ಲಿ ಇರುವುದು ಎರಡೇ ವರ್ಗ: ಈವರೆಗೆ ನೋಂದಣಿಯಾಗದ ವಾಹನ ಮತ್ತು ಈಗಾಗಲೇ ನೋಂದಣಿಯಾದ ವಾಹನ. ಪ್ರದರ್ಶನದ ಕಾರು ಎಂಬ ಪ್ರತ್ಯೇಕ ವರ್ಗವಿಲ್ಲ. ಅದು ಯಾರ ಹೆಸರಿನಲ್ಲಿಯೂ ನೋಂದಣಿಯಾಗದಿದ್ದಲ್ಲಿ ಹೊಸ ವಾಹನವೆಂದೂ, ಮಾರಾಟಗಾರ ಸಂಸ್ಥೆಯ ಹೆಸರಿನಲ್ಲಿ ಒಮ್ಮೆ ನೋಂದಣಿಯಾಗಿದ್ದಲ್ಲಿ ಬಳಸಿದ ವಾಹನವೆಂದೂ ಪರಿಗಣಿತವಾಗುತ್ತದೆ. ಆದ್ದರಿಂದ ಖರೀದಿದಾರರು ಬೆಲೆಯನ್ನು ವಿಚಾರಿಸುವುದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ, ಈ ಕಾರು ಇಂದು ಯಾರ ಹೆಸರಿನಲ್ಲಿದೆ ಮತ್ತು ಎಂದಿನಿಂದ ಇದೆ ಎಂಬುದಾಗಿದೆ. ಅರ್ಜಿಯ ನಮೂನೆ, ತೆರಿಗೆ, ವಾರಂಟಿ ಅವಧಿ, ವಿಮೆ ಹಾಗೂ ಮುಂದಿನ ಮಾರಾಟ ಬೆಲೆ ಇವೆಲ್ಲವೂ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿವೆ.

2. ಹೊಸ ಕಾರು

ಹೊಸ ಕಾರಿನ ನೋಂದಣಿ ಅರ್ಜಿಯನ್ನು ನಮೂನೆ 20ರಲ್ಲಿ ಸಲ್ಲಿಸಬೇಕಾಗಿದ್ದು, ಅದನ್ನು ಮಾರಾಟಗಾರರೇ ಖರೀದಿದಾರರ ಪರವಾಗಿ ಸಲ್ಲಿಸುತ್ತಾರೆ. ಅರ್ಜಿಯೊಂದಿಗೆ ನಮೂನೆ 21ರ ಮಾರಾಟ ಪ್ರಮಾಣಪತ್ರ, ನಮೂನೆ 22ರ ರಸ್ತೆ ಯೋಗ್ಯತಾ ಪ್ರಮಾಣಪತ್ರ, ವಿಮಾ ಪ್ರಮಾಣಪತ್ರ ಮತ್ತು ವಿಳಾಸದ ದಾಖಲೆಯನ್ನು ಲಗತ್ತಿಸಲಾಗುತ್ತದೆ. ಜೀವಾವಧಿ ತೆರಿಗೆಯನ್ನು ವಾಹನದ ಬೆಲೆಯ ಆಧಾರದ ಮೇಲೆ ನೋಂದಣಿಯ ಸಮಯದಲ್ಲಿಯೇ ಪಾವತಿಸತಕ್ಕದ್ದು. ನೋಂದಣಿ ಸಂಖ್ಯೆಯನ್ನು ವಾಹನದ ಮೇಲೆ ಪ್ರದರ್ಶಿಸುವವರೆಗೆ ಮಾರಾಟಗಾರರು ಅದನ್ನು ಹಸ್ತಾಂತರಿಸುವಂತಿಲ್ಲ. 2019ರ ಏಪ್ರಿಲ್ 1ರಿಂದ ತಯಾರಾದ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವಾಗಿದೆ.

2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರನೇ ವ್ಯಕ್ತಿಯ ಹೊಣೆ ವಿಮೆಯನ್ನು 3 ವರ್ಷಗಳ ಅವಧಿಗೆ ಒಟ್ಟಿಗೆ ಪಡೆಯತಕ್ಕದ್ದಾಗಿದೆ. ಕಾರಿಗೆ ಆಗುವ ಸ್ವಂತ ಹಾನಿಯ ವಿಮೆಯನ್ನು ಒಂದು ವರ್ಷಕ್ಕೆ ಮಾತ್ರ ಪಡೆದಿದ್ದಲ್ಲಿ ಅದನ್ನು ವರ್ಷ ಮುಗಿಯುವ ಮೊದಲೇ ನವೀಕರಿಸಬೇಕು. 3 ವರ್ಷಗಳ ವಿಮೆ ಇದೆಯೆಂದು ಭಾವಿಸಿ ಇದನ್ನು ಮರೆಯುವವರಿದ್ದಾರೆ.

ಖರೀದಿದಾರರು ನಮೂನೆ 21ರಲ್ಲಿ ನಮೂದಾಗಿರುವ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ತಪ್ಪದೆ ಓದತಕ್ಕದ್ದು. ಡಿಸೆಂಬರ್ ತಿಂಗಳಲ್ಲಿ ತಯಾರಾಗಿ ಮರುವರ್ಷ ಮಾರಾಟವಾಗುವ ಕಾರು ಹೊಸದೇ ಆದರೂ, ಮುಂದೆ ಮಾರುವಾಗ ಹಿಂದಿನ ವರ್ಷದ ಕಾರೆಂದೇ ಬೆಲೆ ಕಟ್ಟಲ್ಪಡುತ್ತದೆ. ಈ ವ್ಯತ್ಯಾಸಕ್ಕೆ ತಕ್ಕ ರಿಯಾಯಿತಿಯನ್ನು ಖರೀದಿಯ ಸಮಯದಲ್ಲಿಯೇ ಕೇಳುವುದು ಸೂಕ್ತ.

3. ಪ್ರದರ್ಶನಕ್ಕಿಟ್ಟ ಅಥವಾ ಡೆಮೊ ಕಾರು

ಪ್ರದರ್ಶನದ ಕಾರುಗಳು ಎರಡು ರೀತಿಯಲ್ಲಿ ಬಳಕೆಯಾಗಿರುತ್ತವೆ.

ಅ) ನೋಂದಣಿಯಾಗದ ಕಾರು: ಇದು ಮಳಿಗೆಯಲ್ಲಿಯೇ ನಿಂತಿದ್ದಿರಬಹುದು ಅಥವಾ ಮಾರಾಟಗಾರರು ಪಡೆದ ವ್ಯಾಪಾರ ಪ್ರಮಾಣಪತ್ರದ ಅಡಿಯಲ್ಲಿ ರಸ್ತೆಗೆ ಬಂದಿದ್ದಿರಬಹುದು. ವ್ಯಾಪಾರ ಪ್ರಮಾಣಪತ್ರದ ಅಡಿಯಲ್ಲಿ ಓಡುವ ವಾಹನದ ಫಲಕವು ಕೆಂಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳನ್ನು ಹೊಂದಿರುತ್ತದೆ. ಇಂತಹ ಕಾರನ್ನು ಖರೀದಿಸಿದವರೇ ಅದರ ಮೊದಲ ಮಾಲೀಕರಾಗುತ್ತಾರೆ. ನೋಂದಣಿ ಶುಲ್ಕ ಹಾಗೂ ಜೀವಾವಧಿ ತೆರಿಗೆ ಇವರಿಗೇ ಅನ್ವಯಿಸುತ್ತದೆ.

ಆ) ಮಾರಾಟಗಾರ ಸಂಸ್ಥೆಯ ಹೆಸರಿನಲ್ಲಿ ನೋಂದಣಿಯಾದ ಕಾರು: ಇದರ ಮೊದಲ ಮಾಲೀಕರು ಸಂಸ್ಥೆಯೇ ಆಗಿರುವುದರಿಂದ ಖರೀದಿದಾರರು ನೋಂದಣಿ ಪ್ರಮಾಣಪತ್ರದಲ್ಲಿ ಎರಡನೆಯ ಮಾಲೀಕರಾಗುತ್ತಾರೆ. ಜೀವಾವಧಿ ತೆರಿಗೆ ಮೊದಲೇ ಪಾವತಿಯಾಗಿರುವುದು ಅನುಕೂಲದ ಅಂಶ. ಆದರೆ ನೋಂದಣಿಯ 15 ವರ್ಷಗಳ ಅವಧಿಯೂ, ಸಾಮಾನ್ಯವಾಗಿ ತಯಾರಕರ ವಾರಂಟಿಯೂ ಸಂಸ್ಥೆಯ ಹೆಸರಿನಲ್ಲಿ ನೋಂದಣಿಯಾದ ದಿನದಿಂದಲೇ ಎಣಿಕೆಯಾಗುತ್ತವೆ. ಕಾರು ಕಣ್ಣಿಗೆ ಹೊಸದಾಗಿ ಕಂಡರೂ ಇದು ಮಾಲೀಕತ್ವ ವರ್ಗಾವಣೆಯ ಪ್ರಕರಣವೇ ಹೊರತು ಹೊಸ ನೋಂದಣಿಯ ಪ್ರಕರಣವಲ್ಲ.

ಹೊಸ ಕಾರಿನ ಬೆಲೆಗಿಂತ ಕಡಿಮೆಗೆ ದೊರೆಯುತ್ತದೆ ಎಂಬ ಕಾರಣಕ್ಕೆ ಒಪ್ಪುವ ಮೊದಲು, ಮೇಲಿನ ಎರಡರಲ್ಲಿ ಯಾವುದು ಎಂಬುದನ್ನು ಮಾರಾಟಗಾರರಿಂದ ಲಿಖಿತವಾಗಿ ಪಡೆಯತಕ್ಕದ್ದು. ಎಷ್ಟು ಕಿಲೋಮೀಟರ್ ಓಡಿದೆ, ಬಣ್ಣ ಅಥವಾ ಭಾಗಗಳ ದುರಸ್ತಿ ನಡೆದಿದೆಯೇ, ವಾರಂಟಿ ಯಾವ ದಿನಾಂಕದಿಂದ ಆರಂಭ ಎಂಬ ಮೂರು ವಿವರಗಳು ಆ ಬರಹದಲ್ಲಿರಬೇಕು. ಅಧಿಕೃತ ಮಾರಾಟಗಾರರು ಮಾರುವ ಹೊಸ ವಾಹನವನ್ನು ನೋಂದಣಿ ಪ್ರಾಧಿಕಾರಿಯ ಮುಂದೆ ಹಾಜರುಪಡಿಸುವ ಅಗತ್ಯವಿಲ್ಲದಿರುವುದರಿಂದ, ಬಹುಕಾಲ ನಿಂತ ಕಾರಿನ ಟೈರು, ಬ್ಯಾಟರಿ ಮತ್ತು ಒಳಭಾಗವನ್ನು ಖರೀದಿದಾರರೇ ನೋಡಿಕೊಳ್ಳಬೇಕಾಗುತ್ತದೆ.

ಮಾಲಿನ್ಯ ಮಾನದಂಡದ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ಸರ್ವೋಚ್ಚ ನ್ಯಾಯಾಲಯದ 2018ರ ಅಕ್ಟೋಬರ್ ಆದೇಶದಂತೆ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 4 ವಾಹನಗಳ ಮಾರಾಟ ಹಾಗೂ ಹೊಸ ನೋಂದಣಿ ನಿಂತಿದೆ. ನೋಂದಣಿಯಾಗದೆ ಉಳಿದ ಹಳೆಯ ಮಾನದಂಡದ ಕಾರು ಎಷ್ಟೇ ಅಗ್ಗವಾಗಿ ದೊರೆತರೂ ಅದನ್ನು ರಸ್ತೆಗೆ ಇಳಿಸಲು ಅವಕಾಶವಿಲ್ಲ.

4. ಬಳಸಿದ ಕಾರು

ಬಳಸಿದ ಕಾರನ್ನು ಖರೀದಿಸುವವರು ಮುಂಗಡ ಹಣ ನೀಡುವ ಮೊದಲು ಈ ಕೆಳಕಂಡ ಅಂಶಗಳನ್ನು ಪರಿಶೀಲಿಸತಕ್ಕದ್ದು. ವಾಹನದ ಬಹುತೇಕ ವಿವರಗಳನ್ನು ನೋಂದಣಿ ಸಂಖ್ಯೆಯ ಮೂಲಕ ಪರಿವಾಹನ್ ಜಾಲತಾಣದಲ್ಲಿ ತಾಳೆ ನೋಡಬಹುದಾಗಿದೆ.

1) ನೋಂದಣಿ ಪ್ರಮಾಣಪತ್ರದಲ್ಲಿರುವ ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆ ವಾಹನದ ಮೇಲೆ ಅಚ್ಚೊತ್ತಿದ ಸಂಖ್ಯೆಗಳೊಂದಿಗೆ ಸರಿಹೊಂದುತ್ತವೆಯೇ?

2) ಮಾರುತ್ತಿರುವವರೇ ನೋಂದಾಯಿತ ಮಾಲೀಕರೇ? ಮಾಲೀಕರು ಮೃತರಾಗಿದ್ದಲ್ಲಿ ವಾರಸುದಾರರು ಮೊದಲು ನಮೂನೆ 31ರ ಮೂಲಕ ತಮ್ಮ ಹೆಸರಿಗೆ ವರ್ಗಾಯಿಸಿಕೊಂಡಿರಬೇಕು.

3) ಸಾಲದ ಕರಾರು ನಮೂದಾಗಿದೆಯೇ? ಸಾಲ ತೀರಿದ್ದರೂ, ಬ್ಯಾಂಕು ಸಹಿ ಮಾಡಿದ ನಮೂನೆ 35 ಸಲ್ಲಿಕೆಯಾಗಿ ಆ ನಮೂದು ರದ್ದಾಗುವವರೆಗೆ ದಾಖಲೆಯಲ್ಲಿ ಸಾಲ ಉಳಿದಿರುತ್ತದೆ.

4) ಪಾವತಿಸದ ದಂಡದ ಇ-ಚಲನ್‌ಗಳಿವೆಯೇ? ವಾಹನವು ಕಳವು ಅಥವಾ ಅಪರಾಧ ಪ್ರಕರಣದಲ್ಲಿ ಒಳಗೊಂಡಿದೆಯೇ?

5) ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಅಳವಡಿಸಿದ್ದಲ್ಲಿ, ಬಣ್ಣ ಬದಲಾಯಿಸಿದ್ದಲ್ಲಿ, ಅದು ನೋಂದಣಿ ಪ್ರಮಾಣಪತ್ರದಲ್ಲಿ ದಾಖಲಾಗಿದೆಯೇ?

6) ವಿಮೆ ಹಾಗೂ ವಾಯುಮಾಲಿನ್ಯ ತಪಾಸಣಾ ಪ್ರಮಾಣಪತ್ರ ಚಾಲ್ತಿಯಲ್ಲಿವೆಯೇ?

7) ನೋಂದಣಿಯ ಅವಧಿ ಎಷ್ಟು ಉಳಿದಿದೆ? ಖಾಸಗಿ ಕಾರಿನ ನೋಂದಣಿಯು 15 ವರ್ಷಗಳಿಗೆ ಊರ್ಜಿತವಾಗಿದ್ದು, ಅನಂತರ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸಿ 5 ವರ್ಷಗಳಿಗೊಮ್ಮೆ ನವೀಕರಿಸಬೇಕು. ನವೀಕರಣ ಶುಲ್ಕವು 2022ರ ಏಪ್ರಿಲ್ 1ರಿಂದ ಗಣನೀಯವಾಗಿ ಹೆಚ್ಚಿರುವುದರಿಂದ 13 ಅಥವಾ 14 ವರ್ಷ ಹಳೆಯ ಕಾರಿನ ಬೆಲೆಗೆ ಈ ವೆಚ್ಚವನ್ನೂ ಸೇರಿಸಿ ನೋಡತಕ್ಕದ್ದು.

ಕಾರಿನ ಯಾಂತ್ರಿಕ ಸ್ಥಿತಿಯನ್ನು ನಂಬಿಕಸ್ಥ ಮೆಕ್ಯಾನಿಕ್ ಒಬ್ಬರಿಂದ ತೋರಿಸಿಕೊಳ್ಳುವುದು ಮತ್ತು ಕಿಲೋಮೀಟರ್ ಮಾಪಕದ ಅಂಕಿಯನ್ನು ಸರ್ವೀಸ್ ದಾಖಲೆಗಳೊಂದಿಗೆ ಹೋಲಿಸುವುದು ಒಳಿತು.

5. ಮಾಲೀಕತ್ವ ವರ್ಗಾವಣೆ: ಮಾರುವವರಿಗೂ ಕೊಳ್ಳುವವರಿಗೂ ಹೊಣೆ

ಹಣ ಪಡೆದು, ಕೀಲಿ ಕೊಟ್ಟು, ಸಹಿ ಮಾಡಿದ ಖಾಲಿ ನಮೂನೆಗಳನ್ನು ಮಧ್ಯವರ್ತಿಗೆ ಒಪ್ಪಿಸಿದರೆ ಮಾರಾಟ ಮುಗಿಯಿತೆಂದು ಭಾವಿಸುವುದು ವ್ಯಾಪಕವಾಗಿದೆ. ಈ ಭಾವನೆ ತಪ್ಪು. ಅಧಿನಿಯಮದ ಪ್ರಕಾರ ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವರೇ ಮಾಲೀಕರು. ಒಂದೇ ಕಾರು ಹಲವರ ಕೈ ಬದಲಾಯಿಸಿ, ನೋಂದಣಿ ಮಾತ್ರ ಮೊದಲ ಮಾಲೀಕರ ಹೆಸರಿನಲ್ಲಿಯೇ ಉಳಿದಿದ್ದ ಪ್ರಕರಣವೊಂದು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಆ ಕಾರಿನಿಂದ 2009ರಲ್ಲಿ ಅಪಘಾತ ಸಂಭವಿಸಿದಾಗ ಅದು ಮೊದಲ ಮಾಲೀಕರ ವಶದಲ್ಲಿರಲಿಲ್ಲ. ಆದಾಗ್ಯೂ ಪರಿಹಾರದ ಹೊಣೆ ನೋಂದಾಯಿತ ಮಾಲೀಕರದ್ದೇ ಎಂದು ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ ತೀರ್ಪು ನೀಡಿತು. ಅಪಘಾತಕ್ಕೆ ಒಳಗಾದ ಕುಟುಂಬವು ಕಾರು ಯಾರು ಯಾರಿಗೆ ಮಾರಿದರೆಂದು ಹುಡುಕುತ್ತ ಅಲೆಯುವಂತಾಗಬಾರದು ಎಂಬುದು ಇದರ ಹಿಂದಿರುವ ತತ್ವ. ಕಾರು ಮಾರಿ ಮರೆತವರಿಗೆ ವರ್ಷಗಳ ನಂತರ ನ್ಯಾಯಾಲಯದ ನೋಟಿಸು ಬರುವುದು ಹೀಗೆ.

ಆದ್ದರಿಂದ ಕಲಂ 50ರ ಪ್ರಕಾರ ಈ ಕೆಳಕಂಡಂತೆ ಕ್ರಮ ಕೈಗೊಳ್ಳತಕ್ಕದ್ದು:

ಮಾರಿದವರು: ಅದೇ ರಾಜ್ಯದೊಳಗಿನ ಮಾರಾಟವಾದಲ್ಲಿ 14 ದಿನಗಳೊಳಗೆ, ಹೊರರಾಜ್ಯದವರಿಗೆ ಮಾರಿದಲ್ಲಿ 45 ದಿನಗಳೊಳಗೆ ನಮೂನೆ 29ರಲ್ಲಿ ವರದಿ ಮಾಡತಕ್ಕದ್ದು.

ಕೊಂಡವರು: 30 ದಿನಗಳೊಳಗೆ ನಮೂನೆ 30ರಲ್ಲಿ, ನೋಂದಣಿ ಪ್ರಮಾಣಪತ್ರ, ವಿಮಾ ಪ್ರಮಾಣಪತ್ರ ಮತ್ತು ನಿಗದಿತ ಶುಲ್ಕದೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು.

ವಿಮೆ: ಮೂರನೇ ವ್ಯಕ್ತಿಯ ಹೊಣೆಗೆ ಸಂಬಂಧಿಸಿದಂತೆ ವಿಮೆಯು ಹೊಸ ಮಾಲೀಕರಿಗೆ ವರ್ಗವಾದಂತೆ ಪರಿಗಣಿತವಾಗುತ್ತದೆ. ಆದರೆ ಸ್ವಂತ ಹಾನಿಯ ವಿಮೆಗೆ ಇದು ಅನ್ವಯಿಸುವುದಿಲ್ಲ. ಕೊಂಡವರು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ನೀಡಿ ಹೆಸರು ಬದಲಾಯಿಸಿಕೊಳ್ಳತಕ್ಕದ್ದು. ಕ್ಲೇಮು ಮಾಡದ ವರ್ಷಗಳಿಗೆ ದೊರೆಯುವ ಬೋನಸ್ ರಿಯಾಯಿತಿಯು ವ್ಯಕ್ತಿಗೆ ಸೇರಿದ್ದೇ ಹೊರತು ಕಾರಿಗೆ ಸೇರಿದ್ದಲ್ಲ; ಅದು ಕೊಂಡವರಿಗೆ ಬರುವುದಿಲ್ಲ.

ಬಳಸಿದ ಕಾರುಗಳ ವ್ಯಾಪಾರಿಗೆ ಕಾರನ್ನು ಒಪ್ಪಿಸುವವರಿಗೆ 2023ರ ಏಪ್ರಿಲ್ 1ರಿಂದ ಹೊಸ ರಕ್ಷಣೆ ದೊರೆತಿದೆ. ನೋಂದಣಿ ಪ್ರಾಧಿಕಾರಿಯಿಂದ ಅಧಿಕಾರಪತ್ರ ಪಡೆದ ವ್ಯಾಪಾರಿಗೆ ಕಾರನ್ನು ಒಪ್ಪಿಸಿದ ಬಗ್ಗೆ ನಮೂನೆ 29ಸಿ ಮೂಲಕ ಆನ್‌ಲೈನ್‌ನಲ್ಲಿ ತಿಳಿವಳಿಕೆ ನೀಡಿದಲ್ಲಿ, ಕಾರು ಮಾರಾಟವಾಗುವವರೆಗೆ ಆ ವ್ಯಾಪಾರಿಯೇ ಮಾಲೀಕರೆಂದು ಪರಿಗಣಿತರಾಗುತ್ತಾರೆ. ಅಧಿಕಾರಪತ್ರವಿಲ್ಲದ ಮಧ್ಯವರ್ತಿಗೆ ಕಾರು ಒಪ್ಪಿಸಿದಲ್ಲಿ ಈ ರಕ್ಷಣೆ ಇರುವುದಿಲ್ಲ.

6. ಹೊರರಾಜ್ಯದ ಕಾರು

ಹೊರರಾಜ್ಯಗಳಲ್ಲಿ ಕಡಿಮೆ ಬೆಲೆಗೆ ದೊರೆಯುವ ಕಾರನ್ನು ಕರ್ನಾಟಕಕ್ಕೆ ತರುವವರು ಮೂಲ ನೋಂದಣಿ ಪ್ರಾಧಿಕಾರಿಯಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆಯತಕ್ಕದ್ದು. 12 ತಿಂಗಳುಗಳಿಗಿಂತ ಹೆಚ್ಚು ಕಾಲ ರಾಜ್ಯದಲ್ಲಿ ಇರಿಸುವ ವಾಹನಕ್ಕೆ ಇಲ್ಲಿನ ಹೊಸ ನೋಂದಣಿ ಸಂಖ್ಯೆ ಪಡೆಯುವುದು ಕಡ್ಡಾಯ. ಕರ್ನಾಟಕದ ಜೀವಾವಧಿ ತೆರಿಗೆ ಪ್ರತ್ಯೇಕವಾಗಿ ಅನ್ವಯಿಸುವುದರಿಂದ, ಅದನ್ನು ಸೇರಿಸಿದ ಮೇಲೂ ಕಾರು ಅಗ್ಗವೇ ಎಂಬುದನ್ನು ಮೊದಲೇ ಲೆಕ್ಕ ಹಾಕತಕ್ಕದ್ದು.

7. ಬೆಲೆಯ ಲೆಕ್ಕ

ಬಳಸಿದ ಕಾರಿನ ಬೆಲೆಗೆ ಸರ್ಕಾರವು ದರ ನಿಗದಿಪಡಿಸುವುದಿಲ್ಲ. ಆದರೂ ವಿಮಾ ಕಂಪನಿಗಳು ವಿಮಾ ಮೌಲ್ಯ ನಿಗದಿಗೆ ಸಾಮಾನ್ಯವಾಗಿ ಅನುಸರಿಸುವ ಸವಕಳಿ ಪ್ರಮಾಣವು ಚೌಕಾಸಿಗೆ ಒಂದು ಆಧಾರವಾಗಬಲ್ಲದು. ಅದರಂತೆ 6 ತಿಂಗಳವರೆಗೆ ಶೇ. 5, ಒಂದು ವರ್ಷದವರೆಗೆ ಶೇ. 15, 2 ವರ್ಷದವರೆಗೆ ಶೇ. 20, 3 ವರ್ಷದವರೆಗೆ ಶೇ. 30, 4 ವರ್ಷದವರೆಗೆ ಶೇ. 40 ಮತ್ತು 5 ವರ್ಷದವರೆಗೆ ಶೇ. 50 ಕಡಿತವಾಗುತ್ತದೆ. ಉದಾಹರಣೆಗೆ, ಇಂದು ರೂ. 8,00,000 ಪಟ್ಟಿ ಬೆಲೆಯಿರುವ ಮಾದರಿಯ ಮೂರೂವರೆ ವರ್ಷ ಹಳೆಯ ಕಾರಿನ ವಿಮಾ ಮೌಲ್ಯ ರೂ. 4,80,000 ಆಗುತ್ತದೆ. ಕಾರಿನ ಸ್ಥಿತಿಗೆ ಅನುಗುಣವಾಗಿ ಮಾರುಕಟ್ಟೆ ಬೆಲೆ ಇದಕ್ಕಿಂತ ಹೆಚ್ಚು ಅಥವಾ ಕಡಿಮೆ ಇರಬಹುದು.

ಹೋಲಿಕೆಯನ್ನು ಯಾವಾಗಲೂ ಇಂದಿನ ಹೊಸ ಕಾರಿನ ಬೆಲೆಯೊಂದಿಗೆ ಮಾಡತಕ್ಕದ್ದು. ಮಾರುವವರು ಅಂದು ಕೊಟ್ಟ ಬೆಲೆಯೊಂದಿಗೆ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯು ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಅದಕ್ಕೂ ಮೊದಲು ಖರೀದಿಸಿದ ಕಾರಿನ ಬಿಲ್ಲನ್ನು ತೋರಿಸಿ ಬೆಲೆ ಕೇಳಿದಲ್ಲಿ ಈ ಇಳಿಕೆಯನ್ನು ಗಮನಕ್ಕೆ ತರಬಹುದಾಗಿದೆ.

8. ಯಾರಿಗೆ ಯಾವುದು ಸೂಕ್ತ

ಕಾರನ್ನು 10 ವರ್ಷ ಅಥವಾ ಹೆಚ್ಚು ಕಾಲ ಇಟ್ಟುಕೊಳ್ಳಬಯಸುವವರಿಗೆ ಹೊಸ ಕಾರು ಸೂಕ್ತ. ಆರಂಭದ ವರ್ಷಗಳ ಸವಕಳಿಯು ದೀರ್ಘ ಬಳಕೆಯಲ್ಲಿ ಹಂಚಿಹೋಗುತ್ತದೆ. ಹೊಸದಾಗಿ ಚಾಲನೆ ಕಲಿತವರಿಗೆ, ತಿಂಗಳಿಗೆ ಕೆಲವೇ ದಿನ ಕಾರು ಬಳಸುವವರಿಗೆ, ಸಾಲದ ಕಂತಿನ ಹೊರೆ ಬೇಡವೆನ್ನುವವರಿಗೆ ದಾಖಲೆಗಳು ಸರಿಯಾಗಿರುವ ಬಳಸಿದ ಕಾರು ಸಾಕಾಗುತ್ತದೆ. ನೋಂದಣಿಯಾದ ಡೆಮೊ ಕಾರನ್ನು ಹೊಸ ಕಾರಿನ ಬೆಲೆಯಲ್ಲಿ ಒಂದಿಷ್ಟು ರಿಯಾಯಿತಿ ಎಂದು ನೋಡದೆ, ಕಡಿಮೆ ಓಡಿದ ಬಳಸಿದ ಕಾರು ಎಂದೇ ಬೆಲೆ ಕಟ್ಟತಕ್ಕದ್ದು. ಹಾಗೆ ಕಟ್ಟಿದ ಬೆಲೆಗೆ ದೊರೆತಲ್ಲಿ ಅದು ಲಾಭದಾಯಕ ಖರೀದಿಯೇ ಸರಿ.

ಯಾವುದೇ ಕಾರನ್ನು ಖರೀದಿಸಿದರೂ, ನೋಂದಣಿ ಪ್ರಮಾಣಪತ್ರದಲ್ಲಿ ತಮ್ಮ ಹೆಸರು ಬಂದ ನಂತರವೇ ವ್ಯವಹಾರ ಪೂರ್ಣಗೊಂಡಿತೆಂದು ಖರೀದಿದಾರರು ತಿಳಿಯತಕ್ಕದ್ದು. ಮಾರಿದವರು ತಮ್ಮ ಹೆಸರು ದಾಖಲೆಯಿಂದ ತೆಗೆದುಹಾಕಲ್ಪಟ್ಟಿರುವುದನ್ನು ಪರಿವಾಹನ್ ಜಾಲತಾಣದಲ್ಲಿ ಖಚಿತಪಡಿಸಿಕೊಂಡು, ನಮೂನೆ 29ರ ಸ್ವೀಕೃತಿಯನ್ನು ಕಾಯ್ದಿರಿಸಿಕೊಳ್ಳತಕ್ಕದ್ದು. ಖಾಲಿ ನಮೂನೆಗಳಿಗೆ ಸಹಿ ಮಾಡಬಾರದೆಂದೂ, ಶುಲ್ಕ ಮತ್ತು ಅರ್ಜಿಯ ಬಗ್ಗೆ ಸಂದೇಹಗಳಿದ್ದಲ್ಲಿ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ನೇರವಾಗಿ ಸಂಪರ್ಕಿಸಬೇಕೆಂದೂ ಸಾರ್ವಜನಿಕರಲ್ಲಿ ಕೋರಲಾಗಿದೆ.