ಗಟ್ಟಿ ಬೋನಿಗೆ ಕಾದಿರುವ ಫೋರ್ಟ್

1904ರ ನವೆಂಬರ್‌ನಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಭೆಯಲ್ಲಿ ಡಾ. ಗ್ಲೆನ್ ಲಿಸ್ಟನ್ ಪ್ಲೇಗು, ಇಲಿ, ಚಿಗಟಗಳ ನಂಟನ್ನು ಬಿಡಿಸಿಟ್ಟರು. ಆಗ ಸೊಸೈಟಿ ಇದ್ದದ್ದು ಮುಂಬಯಿಯ ಫೋರ್ಟ್ ಪ್ರದೇಶದ ಅಪೋಲೊ ಸ್ಟ್ರೀಟಿನಲ್ಲಿ. 1896ರಲ್ಲಿ ಅದೇ ಊರಿನ ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವೀಗಾಸ್ ಗುರುತಿಸಿದ ಪ್ಲೇಗು ಅಷ್ಟರಲ್ಲಿ ಊರನ್ನೇ ಹಿಂಡಿ ಹಾಕಿತ್ತು. ಇಲಿ ಸತ್ತರೆ ಅದರ ಮೈಮೇಲಿನ ಚಿಗಟ ಮನುಷ್ಯನ ಮೈ ಹುಡುಕಿಕೊಂಡು ಬರುತ್ತದೆ ಎಂಬುದನ್ನು ಲಿಸ್ಟನ್ ಮುಂಬಯಿಯ ಮನೆಗಳಲ್ಲೇ ಗಿನಿಯಿಲಿಗಳನ್ನು ಬಿಟ್ಟು ನೋಡಿ ಅರಿತಿದ್ದರು. ಇಲಿಯನ್ನು ಕೊಂದರಷ್ಟೇ ಸಾಲದು, ಅದು ಎಲ್ಲಿ ಸಾಯುತ್ತದೆ ಎಂಬುದೂ ನಮ್ಮ ಕೈಯಲ್ಲಿರಬೇಕು. ವಿಷದ ಉಂಡೆ ತಿಂದ ಇಲಿ ಗೋಡೆಯ ಸಂದಿಯಲ್ಲಿ ಸಾಯುತ್ತದೆ. ಬೋನಿಗೆ ಬಿದ್ದದ್ದು ಕಣ್ಣೆದುರೇ ಇರುತ್ತದೆ.

ಅದೇ ಸೊಸೈಟಿ 1911ರಲ್ಲಿ ಭಾರತದ ಸಸ್ತನಿಗಳ ಸಮೀಕ್ಷೆಗೆ ಇಳಿಯಿತು. ಧಾರವಾಡ, ಕೆನರಾ, ಕೊಡಗುಗಳಲ್ಲಿ ಸಂಗ್ರಾಹಕರು ಹಿಡಿದ ಇಲಿ, ಅಳಿಲು, ಮುಂಗುಸಿಗಳ ಚರ್ಮಗಳು ಊರು, ದಿನಾಂಕಗಳ ಚೀಟಿ ಹೊತ್ತು ಸಂಗ್ರಹ ಸೇರಿದವು. ನಮ್ಮ ನಾಡಿನ ಸಣ್ಣ ಪ್ರಾಣಿಗಳ ಬಗ್ಗೆ ಇಂದಿರುವ ತಿಳಿವಳಿಕೆಗೆ ಆ ಚರ್ಮಗಳೂ ಅಡಿಪಾಯ.

ಆ ಸೊಸೈಟಿ ಇದ್ದ ಫೋರ್ಟಿನಲ್ಲಿ ಇಂದು ಬೋನಿನ ಕಥೆ ಬಡವಾಗಿದೆ. ಕಲ್ಲಿನ ಹಳೆಯ ಕಟ್ಟಡಗಳು, ಹಿಂದೆ ಕತ್ತಲ ಗಲ್ಲಿ, ತೆರೆದ ಗಟಾರ, ಪಕ್ಕದಲ್ಲೇ ನಮ್ಮವರ ಹೋಟೆಲುಗಳ ಅಡುಗೆಮನೆ. ಅಲ್ಲಿ ಓಡಾಡುವುದು ಇಲಿ ಮಾತ್ರವಲ್ಲ, ಒಂದು ಕಿಲೋ ತೂಗಬಲ್ಲ ಹೆಗ್ಗಣವೂ ಇದೆ. ಮರದ ಪೆಟ್ಟಿಗೆಯ ಬೋನನ್ನು ಅದು ಬೆಳಗಾಗುವುದರೊಳಗೆ ಕಡಿದು ಹಾಕುತ್ತದೆ. ತೆಳು ತಂತಿಯ ಬೋನಾದರೆ ಬಾಗಿಲನ್ನು ಮೂತಿಯಿಂದ ಎತ್ತಿ ಹೊರಡುತ್ತದೆ. ಬೇಸತ್ತವರು ಕೊನೆಗೆ ಅಂಟುಹಲಗೆ ತರುತ್ತಾರೆ.

ಅಂಟುಹಲಗೆಯನ್ನು ನಾನು ಒಪ್ಪಲಾರೆ. ಚರ್ಮ ಕಿತ್ತುಬರುವವರೆಗೆ ಒದ್ದಾಡಿ, ಹಸಿವು ಬಾಯಾರಿಕೆಗಳಲ್ಲಿ ಗಂಟೆಗಟ್ಟಲೆ ನರಳಿ ಸಾಯುವ ಜೀವ ಅದರ ಮೇಲಿರುತ್ತದೆ. ಹಲ್ಲಿ, ಗುಬ್ಬಚ್ಚಿಗಳೂ ಅಂಟಿಕೊಳ್ಳುತ್ತವೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2011ರಲ್ಲೇ ಇದರ ವಿರುದ್ಧ ರಾಜ್ಯಗಳಿಗೆ ಸಲಹೆ ಕೊಟ್ಟಿದೆ.

ಬೋನು ಬದಲಿಸುವವರು ಮೊದಲು ನೋಡಬೇಕಾದ್ದು ಬಾಗಿಲು. ಬಿದ್ದ ಕೂಡಲೇ ಅಡ್ಡಸರಳು ಕೂತು ಒಳಗಿನಿಂದ ಎತ್ತಲಾಗದಂತಿರಬೇಕು. ಹೆಣೆದ ತಂತಿಗಿಂತ ಬೆಸುಗೆ ಹಾಕಿದ ದಪ್ಪ ತಂತಿಯ ಜಾಲರಿ ಮೇಲು. ಕಣ್ಣು ಅರ್ಧ ಇಂಚು ಸಾಕು. ಕೊಕ್ಕೆಗೆ ಸಿಕ್ಕಿಸಿದ ತಿಂಡಿಯನ್ನು ಇಲಿ ಹೊರಗಿನಿಂದಲೇ ಎಳೆದು ತಿನ್ನಬಲ್ಲದು, ಆದ್ದರಿಂದ ಒಳಗಿನ ತುದಿಯಲ್ಲಿ ತುಳಿದಾಗ ಬಾಗಿಲು ಬೀಳಿಸುವ ಹಲಗೆ ಇರಲಿ. ಇಲಿಗೆ ಹೊಸ ವಸ್ತುವೆಂದರೆ ಅನುಮಾನ. ಎರಡು ಮೂರು ರಾತ್ರಿ ಒಣಮೀನೋ ಕೊಬ್ಬರಿಯೋ ಇಟ್ಟು ಬಾಗಿಲು ಬೀಳದಂತೆ ಕಟ್ಟಿಬಿಡಿ, ಬಂದು ತಿಂದು ಹೋಗಲಿ, ಆಮೇಲೆ ಹೂಡಿ. ಇಲಿ ಗೋಡೆಯ ಅಂಚು ಹಿಡಿದು ಓಡುವುದರಿಂದ ಬೋನಿನ ಜಾಗವೂ ಅದೇ.

ಬರಿಗೈಯಲ್ಲಿ ಬೋನು ಮುಟ್ಟಬಾರದು. ಇಲಿಯ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್ ಹರಡುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದ ಬಳಿಕ ಆ ಜ್ವರ ಈ ಊರನ್ನು ಕಾಡಿತು. ಕೈಗವಸು ಹಾಕಿಕೊಳ್ಳಿ, ಬೋನನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆಯಿರಿ. ಪ್ರತಿ ವಾರ್ಡಿನಲ್ಲೂ ಮಹಾನಗರಪಾಲಿಕೆಯ ಕೀಟನಾಶಕ ವಿಭಾಗವಿದೆ; ಹಿಡಿದ ಇಲಿಯ ವಿಲೇವಾರಿಗೆ ಅವರನ್ನು ಕೇಳಬಹುದು.

ಗಟ್ಟಿ ಬೋನಿಗೆ ಒಂದು ಹೊಣೆಯೂ ಅಂಟಿಕೊಂಡಿದೆ. ಅದರಲ್ಲಿ ಮುಂಗುಸಿಯೋ ಮರಬೆಕ್ಕೋ ಬೀಳಬಹುದು. ಎರಡೂ ಇಲಿ ತಿನ್ನುವ ಪ್ರಾಣಿಗಳು, ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಕುಂಚಕ್ಕೆ ಬೇಕಾದ ಕೂದಲಿಗಾಗಿ ಮುಂಗುಸಿಯನ್ನು ಉರುಳು ಹಾಕಿ ಕೊಲ್ಲುವ ದಂಧೆ ದೇಶದಲ್ಲಿ ಇನ್ನೂ ನಿಂತಿಲ್ಲ. ಅದನ್ನು ಹತ್ತಿಕ್ಕಲು 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ದಳ ‘ಆಪರೇಷನ್ ಕ್ಲೀನ್ ಆರ್ಟ್’ ನಡೆಸಿತು. ಫೋರ್ಟಿನಲ್ಲೇ ಇರುವ ಕಾಲಾ ಘೋಡಾದ ಕಲಾವಿದರು ನೈಲಾನ್ ಕುಂಚ ಕೊಂಡರೆ ಅದೂ ಒಂದು ಉಪಕಾರ. ಮುಂಗುಸಿ ಹಗಲು ತಿರುಗುವ ಪ್ರಾಣಿ. ಹೋಟೆಲು ಮುಚ್ಚಿದ ಮೇಲೆ ಬೋನು ಹೂಡಿ ಸೂರ್ಯ ಹುಟ್ಟುವ ಮೊದಲು ಮುಚ್ಚಿದರೆ ಅದು ಬೀಳುವುದಿಲ್ಲ. ಮರಬೆಕ್ಕು ಇರುಳಿನದು, ಮಾಡು, ಪೈಪುಗಳ ಮೇಲೆ ಓಡಾಡುತ್ತದೆ. ಹಾಗಾಗಿ ಅಟ್ಟದಲ್ಲಿ ಬೋನು ಬೇಡ.

ಇಷ್ಟಾಗಿಯೂ ಬೇರೆ ಪ್ರಾಣಿ ಬಿದ್ದರೆ ಬೋನಿನ ಮೇಲೆ ಬಟ್ಟೆ ಹೊದಿಸಿ, ನೆರಳಿನಲ್ಲಿಟ್ಟು, ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.