ಮೂಕವಾದ ಬೀಗದ ಕೈ

ಪಾಂಡವಪುರ ತಾಲ್ಲೂಕಿನ ಚಿನಕುರಳಿಯ ಹೆಸರನ್ನು ಕೇಳಿದೊಡನೆ ಮಕ್ಕಳಿಗೆ ದೀಪಾವಳಿಯ ಪಟಾಕಿಯ ನೆನಪಾಗುವುದು ಸಹಜ. ಆದರೆ ಕಳೆದ ಬೇಸಗೆಯ ಒಂದು ಸಂಜೆ ಆ ಊರಿನ ನಮ್ಮ ಮಾವನವರ ಮನೆಯಂಗಳದಲ್ಲಿ ಕಿಡಿಯ ಸುಳಿವೇ ಇರಲಿಲ್ಲ. ನಮ್ಮ ಭಾವಮೈದುನನು ಕಾರಿನ ಬೀಗದ ಕೈಯನ್ನು ಹಿಡಿದು ಅದರ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತಿದ್ದನು. ಕಾರು ಕಲ್ಲಿನಂತೆ ಸುಮ್ಮನೆ ನಿಂತಿತ್ತು.

"ಭಾವ, ಬೆಳಿಗ್ಗೆ ತಾನೇ ಹೊಸ ಸೆಲ್ ಹಾಕಿಸ್ಕೊಂಡು ಬಂದೆ. ಮೊದ್ಲು ಹತ್ತಿರ ಹೋದ್ರೆ ಬಾಗಿಲಾದ್ರೂ ತೆಗೀತಿತ್ತು. ಈಗ ಅದೂ ಇಲ್ಲ ನೋಡಿ" ಎಂದನು.

ದೂರವಾಣಿಯಲ್ಲಿ ವಿಚಾರಿಸಿದಾಗ ಮೆಕ್ಯಾನಿಕರೊಬ್ಬರು, ಸೆಲ್ಲನ್ನು ತೆಗೆದಾಗ ಕೈಯ ನೆನಪೆಲ್ಲ ಅಳಿಸಿಹೋಗಿದೆ, ಹೊಸದನ್ನು ತರಿಸಲು ವಾರವಾದರೂ ಬೇಕು ಎಂದು ತೀರ್ಪು ಕೊಟ್ಟಿದ್ದರು. ಖರ್ಚು ಹಲವು ಸಾವಿರ ರೂಪಾಯಿ. ಖರ್ಚಿನ ಮಾತು ಹಾಗಿರಲಿ, ಮರುದಿನ ಬೆಳಗ್ಗೆ 8 ಗಂಟೆಗೆ ನಮ್ಮ ಅತ್ತೆಯವರು ಕಣ್ಣಿನ ಶಸ್ತ್ರಚಿಕಿತ್ಸೆಗಾಗಿ ಮೈಸೂರಿನ ಆಸ್ಪತ್ರೆಯಲ್ಲಿರಬೇಕಾಗಿತ್ತು.

ಸೆಲ್ಲನ್ನು ತೆಗೆದರೆ ನೆನಪು ಅಳಿಯುವುದೆಂಬ ಮಾತನ್ನು ನಾವು ಒಪ್ಪಲಿಲ್ಲ. ಇಂಥ ಕೈಗಳಲ್ಲಿ ಗುರುತಿನ ಅಂಕಿಗಳನ್ನು ವಿದ್ಯುತ್ತು ಇಲ್ಲದಿದ್ದರೂ ಉಳಿಯುವ ಸ್ಮೃತಿಕೋಶದಲ್ಲಿ ಬರೆದಿಟ್ಟಿರುತ್ತಾರೆ. ಹಾಗಿಲ್ಲದಿದ್ದರೆ ಸೆಲ್ಲು ಮುಗಿದಾಗಲೆಲ್ಲ ಜನರು ಹೊಸ ಕೈಯನ್ನೇ ಕೊಳ್ಳಬೇಕಾಗುತ್ತಿತ್ತಲ್ಲವೇ?

ಕೈಯ ಒಡಲೊಳಗೆ ಲೋಹದ ಒಂದು ಅಲಗು ಅಡಗಿರುತ್ತದೆ. ಅದರಿಂದ ಬಾಗಿಲನ್ನು ತೆಗೆದೆವು. ಒಳಗೆ ಕುಳಿತು ಬ್ರೇಕನ್ನು ತುಳಿದು ಚಾಲನೆಯ ಗುಂಡಿಯನ್ನು ಒತ್ತಿದರೆ, ಕೈ ಕಾಣುತ್ತಿಲ್ಲವೆಂಬ ಎಚ್ಚರಿಕೆಯ ದೀಪ ಹತ್ತಿತು. ಬಳಿಕ ಕೈಯನ್ನೇ ಆ ಗುಂಡಿಗೆ ತಾಗಿಸಿ ಹಿಡಿದು ಒತ್ತಿದೆವು. ಎಂಜಿನು ಒಡನೆಯೇ ಗುರುಗುಟ್ಟಿತು! ಭಾವಮೈದುನನಿಗೆ ಇದು ಇಂದ್ರಜಾಲದಂತೆ ಕಂಡಿತು. ಆದರೆ ಇದು ಫ್ಯಾರಡೆಯು 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯೇ ಹೊರತು ಬೇರೆಯಲ್ಲ.

ವಾಚಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕಾರು ಮತ್ತು ಕೈಗಳ ನಡುವೆ ನಡೆಯುವ ಸಂಭಾಷಣೆ ಒಂದಲ್ಲ, ಎರಡು. ಮೊದಲನೆಯದು ಪಿಸುಮಾತು. ಗುಂಡಿಯ ಸುತ್ತ ಇರುವ ಸುರುಳಿಯಲ್ಲಿ ಸೆಕೆಂಡಿಗೆ ಸುಮಾರು 1,25,000 ಸಲ ಹಿಂದುಮುಂದಾಗುವ ವಿದ್ಯುತ್ಪ್ರವಾಹವು ಹರಿಯುತ್ತದೆ. ಕೈಯಲ್ಲಿಯೂ ಒಂದು ಪುಟ್ಟ ಸುರುಳಿಯುಂಟು. ಟ್ರಾನ್ಸ್‌ಫಾರ್ಮರಿನಲ್ಲಿ ನಡೆಯುವಂತೆಯೇ ಒಂದರ ಕಾಂತಕ್ಷೇತ್ರವು ಇನ್ನೊಂದರಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ. ಆ ಭಿಕ್ಷೆಯ ವಿದ್ಯುತ್ತಿನಿಂದಲೇ ಗುರುತಿನ ಚಿಪ್ಪು ಎಚ್ಚೆತ್ತು ತನ್ನ ಗುರುತನ್ನು ಹೇಳುತ್ತದೆ. ಇದಕ್ಕೆ ಸೆಲ್ಲೇ ಬೇಕಿಲ್ಲ. ಆದರೆ ಸುರುಳಿಯಿಂದ ದೂರ ಸರಿದಂತೆ ಈ ಕ್ಷೇತ್ರವು ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ, ಎಂದರೆ ದೂರವು ಇಮ್ಮಡಿಯಾದರೆ ಬಲವು ಎಂಟನೆಯ ಒಂದಂಶ. ಆದುದರಿಂದಲೇ ತಾಗಿಸಿ ಹಿಡಿಯಬೇಕಾದುದು. (ಎಲ್ಲ ಕಾರುಗಳಲ್ಲಿಯೂ ಆ ಸ್ಥಳ ಗುಂಡಿಯೇ ಅಲ್ಲ, ಕಾರಿನೊಡನೆ ಬಂದ ಪುಸ್ತಕವನ್ನು ನೋಡಿರಿ.)

ಎರಡನೆಯದು ದೂರದ ಕೂಗು. ನಮ್ಮ ದೇಶದ ಬಹುಮಟ್ಟಿನ ಕಾರುಗಳಲ್ಲಿ ಇದು 434 ಮೆಗಾಹರ್ಟ್ಸ್‌ಗೆ ಸಮೀಪದ ರೇಡಿಯೋ ತರಂಗ; ಅಲೆಯುದ್ದ ಸುಮಾರು 69 ಸೆಂಟಿಮೀಟರು. ಇದಕ್ಕೆ ಸೆಲ್ಲು ಬೇಕೇ ಬೇಕು. ಹೀಗಿರುವಲ್ಲಿ, ಪಿಸುಮಾತು ನಡೆದು ಕೂಗು ನಡೆಯದಿದ್ದರೆ ದೋಷವು ಗುರುತಿನ ಚಿಪ್ಪಿನಲ್ಲಿಲ್ಲ, ಸೆಲ್ಲಿನ ಸುತ್ತಮುತ್ತಲೇ ಇರಬೇಕು. ಹೊಸ ಕೈಯ ಸಾವಿರಾರು ರೂಪಾಯಿ ಅಲ್ಲಿಗೆ ಉಳಿದಂತೆಯೇ.

ಇಂಥಲ್ಲಿ ವಿದ್ಯಾರ್ಥಿಗಳು ವೋಲ್ಟ್‌ಮಾಪಕವನ್ನು ತಾಗಿಸಿ, 3 ವೋಲ್ಟು ತೋರಿತೆಂದರೆ ಸೆಲ್ಲು ಸರಿಯಾಗಿದೆಯೆಂದು ಬಿಡುವುದುಂಟು. ಅದು ಅವಸರದ ತೀರ್ಮಾನ. ಹಳೆಯ ಸೆಲ್ಲಿನ ಆಂತರಿಕ ರೋಧವು 100 ಓಮ್‌ಗೆ ಏರಿದೆಯೆಂದೂ ಕೂಗುವಾಗ ಕೈಗೆ 10 ಮಿಲಿಆಂಪಿಯರ್ ಬೇಕೆಂದೂ ಇಟ್ಟುಕೊಳ್ಳೋಣ. ಆಗ 1 ವೋಲ್ಟು ಒಳಗೇ ನಷ್ಟವಾಗಿ ಎರಡೇ ಉಳಿಯುತ್ತದೆ. ಮಾಪಕವಾದರೋ ಪ್ರವಾಹವನ್ನು ಬಹುಮಟ್ಟಿಗೆ ಎಳೆಯುವುದೇ ಇಲ್ಲ; ಅದಕ್ಕೆ ಆ ನಷ್ಟ ಕಾಣುವುದೆಂತು?

ನಮ್ಮ ಮುಂದಿದ್ದುದು ಹೊಸ ಸೆಲ್ಲು. ಬಿಚ್ಚಿ ನೋಡಿದಾಗ ಅದರ ಬೆನ್ನ ಮೇಲೆ 2025 ಎಂದಿತ್ತು. ಕೈಯ ಒಳಗೋಡೆಯಲ್ಲಿ 2032 ಎಂದು ಅಚ್ಚಾಗಿತ್ತು. ಈ ಅಂಕಿಗಳು ಬರಿಯ ಹೆಸರಲ್ಲ. ಮೊದಲ ಎರಡು ಅಂಕಿಗಳು ವ್ಯಾಸ, 20 ಮಿಲಿಮೀಟರು. ಕೊನೆಯ ಎರಡು ದಪ್ಪ, ಒಂದರಲ್ಲಿ 2.5, ಇನ್ನೊಂದರಲ್ಲಿ 3.2 ಮಿಲಿಮೀಟರು. ಎರಡೂ 3 ವೋಲ್ಟಿನವೇ. ಆದರೆ 0.7 ಮಿಲಿಮೀಟರು ತೆಳುವಾದುದರಿಂದ ಹಿತ್ತಾಳೆಯ ಪಟ್ಟಿ ಒಮ್ಮೆ ತಾಗುತ್ತಿತ್ತು, ಒಮ್ಮೆ ಇಲ್ಲ. ಅಂಗಡಿಯವರು ಇರುವುದರಲ್ಲಿ ಹೊಂದುವುದನ್ನು ಹಾಕಿಕೊಟ್ಟಿದ್ದರು.

ಆ ಹೊತ್ತಿನಲ್ಲಿ 2032 ಎಲ್ಲಿ ಸಿಕ್ಕೀತು? ಅತ್ತೆಯವರೇ ದಾರಿ ತೋರಿದರು. "ನನ್ನ ಸಕ್ಕರೆ ನೋಡೋ ಯಂತ್ರದಲ್ಲೂ ಇಂಥದ್ದೇ ಬಿಲ್ಲೆ ಐತಲ್ಲಪ್ಪ" ಎಂದರು. ಹೌದು, ಅದೇ ಅಳತೆ! ಅಂದಿನ ಪರೀಕ್ಷೆ ಮುಗಿದಿತ್ತು, ಮರುದಿನದ್ದು ಆಸ್ಪತ್ರೆಯಲ್ಲಿ.

ಅದನ್ನು ಕೂರಿಸಿ ಒತ್ತಿದೆವು. ಕೈಯ ದೀಪ ಮಿಣುಕಿತು, ಕಾರು ಮಿಸುಕಲಿಲ್ಲ. ಎರಡನೆಯ ಸಲ ಒತ್ತಿದಾಗ ಬಾಗಿಲು ಟಕ್ಕೆಂದು ತೆರೆಯಿತು. ಮೊದಲ ಸಲ ಏಕೆ ತೆರೆಯಲಿಲ್ಲ?

ಕೈಯು ಪ್ರತಿಸಲವೂ ಒಂದೇ ಸಂಕೇತವನ್ನು ಕೂಗಿದರೆ ಕಳ್ಳನು ಅದನ್ನು ಹಿಡಿದಿಟ್ಟುಕೊಂಡು ಮರುದಿನ ತಾನೇ ಕೂಗಬಹುದು. ಆದುದರಿಂದ ಸಂಕೇತವು ಒತ್ತಿದಷ್ಟು ಸಲವೂ ಬದಲಾಗುತ್ತದೆ. 1980ರ ದಶಕದ ನಡುವೆ ದಕ್ಷಿಣ ಆಫ್ರಿಕದಲ್ಲಿ ರೂಪುಗೊಂಡ ಕೀಲಾಕ್ ಎಂಬ ಪ್ರಸಿದ್ಧ ಪದ್ಧತಿಯನ್ನು ನೋಡಿರಿ. ಅದರಲ್ಲಿ ಕೈಯೊಳಗಿನ ಎಣಿಕೆಯು ಒತ್ತಿದಾಗಲೆಲ್ಲ ಒಂದು ಹೆಚ್ಚುತ್ತದೆ. ಆ ಎಣಿಕೆಯನ್ನು ಗುಪ್ತಲಿಪಿಗೆ ತಿರುಗಿಸಿ 32 ಬಿಟ್ಟಿನ ಸಂಕೇತವಾಗಿ ಕಳುಹಿಸಲಾಗುತ್ತದೆ. ಗ್ರಾಹಕವು ತಾನು ಕೊನೆಗೆ ಕೇಳಿದ ಎಣಿಕೆಗಿಂತ ಸಾಮಾನ್ಯವಾಗಿ 16ರಷ್ಟು ಮುಂದಿರುವವರೆಗೆ ಒಡನೆಯೇ ಒಪ್ಪುತ್ತದೆ. ಅದಕ್ಕೂ ಮುಂದೆ ಹೋಗಿದ್ದರೆ ಸಂಶಯಪಟ್ಟು, ಒಂದರ ಹಿಂದೆ ಒಂದಾಗಿ ಎರಡು ಸಂಕೇತಗಳನ್ನು ಕೇಳಿದ ಮೇಲೆ ಮಾತ್ರ ಒಪ್ಪುತ್ತದೆ. 2007-08ರಲ್ಲಿ ಸಂಶೋಧಕರು ಈ ಗುಪ್ತಲಿಪಿಯನ್ನು ಭೇದಿಸಿ ತೋರಿದರು. ಆದರೆ ಎಣಿಕೆ ಹೊಂದಿಸುವ ಉಪಾಯ ಬೇರೆ ಪದ್ಧತಿಗಳಲ್ಲಿಯೂ ಉಳಿದಿದೆ.

"ಅಂಗಡಿಯಲ್ಲಿ ಎಷ್ಟು ಸಲ ಒತ್ತಿದೆ?" ಎಂದು ಕೇಳಿದೆವು.

"ಲೆಕ್ಕ ಇಟ್ಟಿಲ್ಲ ಭಾವ. ಐವತ್ತು ಸಲನಾದ್ರೂ ಒತ್ತಿರ್ತೀನಿ. ದೀಪ ಆಗೊಮ್ಮೆ ಈಗೊಮ್ಮೆ ಹತ್ತೋದು."

ಕಾರು ಚಿನಕುರಳಿಯಲ್ಲಿ, ಕೈ ಪಾಂಡವಪುರದಲ್ಲಿ! ದೀಪ ಹತ್ತಿದಾಗಲೆಲ್ಲ ಎಣಿಕೆ ಮುಂದೋಡಿತ್ತು, ಕೇಳಬೇಕಾದ ಕಾರು ಕೇಳಿರಲಿಲ್ಲ. ಇದೇ ಕಾರಣವೆಂದು ನಮ್ಮ ಊಹೆ.

ಇನ್ನೊಂದು ತೊಡಕು ಉಳಿದಿತ್ತು. ಹೊರಗೆ ನಿಂತೇ ಎಂಜಿನನ್ನು ಚಾಲೂ ಮಾಡುವ ಸೌಕರ್ಯವು ಆ ಕಾರಿಗುಂಟು. ಅದಕ್ಕೆ ಮಾತ್ರ ಕಾರು ಈಗಲೂ ಒಪ್ಪಲಿಲ್ಲ. ಸುತ್ತಲೂ ನೋಡಿದಾಗ ಬಾನೆಟ್ಟು ಬೆರಳಷ್ಟು ಎದ್ದಿತ್ತು. ಮಧ್ಯಾಹ್ನ ದೊಡ್ಡ ಬ್ಯಾಟರಿಯನ್ನು ನೋಡಲು ಯಾರೋ ಎತ್ತಿ, ಪೂರ್ತಿ ಮುಚ್ಚದೆ ಬಿಟ್ಟಿದ್ದರು. ಬಾನೆಟ್ಟು ತೆರೆದಿರುವಾಗ ಒಳಗೆ ಯಾರದಾದರೂ ಕೈಯಿದ್ದೀತೆಂಬ ಎಚ್ಚರದಿಂದ ಕಾರು ದೂರದ ಆಜ್ಞೆಯನ್ನು ನಿರಾಕರಿಸುತ್ತದೆ. ಒತ್ತಿ ಮುಚ್ಚಿದ ಮೇಲೆ ಅದೂ ನಡೆಯಿತು. ಆದರೆ ಕಾರನ್ನು ನಿಲ್ಲಿಸುವ ಕೊಟ್ಟಿಗೆಯ ಕದ ಮುಚ್ಚಿರುವಾಗ ಈ ಸೌಕರ್ಯವನ್ನು ಬಳಸಕೂಡದೆಂದು ಭಾವಮೈದುನನಿಗೆ ಕಟ್ಟುನಿಟ್ಟಾಗಿ ಹೇಳಿದೆವು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಮರುದಿನ 8 ಗಂಟೆಗೆ ಮೊದಲೇ ಮೈಸೂರನ್ನು ಸೇರಿದೆವು. ಅತ್ತೆಯವರು ಒಳಗೆ ಹೋದ ಮೇಲೆ ಎದುರಿನ ಔಷಧದಂಗಡಿಯಲ್ಲಿ 2032 ಸೆಲ್ಲುಗಳೆರಡನ್ನು ಕೊಂಡು, ಒಂದನ್ನು ಅವರ ಯಂತ್ರಕ್ಕೆ ಹಾಕಿದೆವು.